ಶೂನ್ಯ ಮಾಸದಲ್ಲಿ ಖಾಲಿ ಬೀಳುವ ಮಂಟಪಗಳು ಕುಣಿತಕ್ಕೆ ಸಿಗಲಿ

ಮಾನ್ಯ ಸಂಪಾದಕರೇ,

ಬಳ್ಳಾರಿಯಲ್ಲಿ ಸಾಲ್ಸಾ, ಬಚಾಟಾ, ಮೆರೆಂಗೆ ಮುಂತಾದ ಲ್ಯಾಟಿನ್ ನೃತ್ಯಗಳನ್ನು ಕಲಿಯುವವರ ಒಂದು ಸಣ್ಣ ಗುಂಪು ನಮ್ಮದು. ಜಿಮ್ಮಿನ ಜುಂಬಾ ತರಗತಿಯಿಂದ ಈ ಕಡೆ ಹೊರಳಿದವರು, ಬೆಂಗಳೂರು ಹೈದರಾಬಾದುಗಳಲ್ಲಿ ನೌಕರಿ ಮಾಡಿ ಊರಿಗೆ ಮರಳಿದವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವರು, ಒಂದಿಷ್ಟು ಕಾಲೇಜು ವಿದ್ಯಾರ್ಥಿಗಳು, ಜೀನ್ಸ್ ಘಟಕಗಳ ಕೆಲವು ಹುಡುಗರು ಇದರಲ್ಲಿದ್ದಾರೆ. ಗುಂಪಿನ ಲೆಕ್ಕಪತ್ರ ಮತ್ತು ಕಾರ್ಯಕ್ರಮಗಳ ದಿನಾಂಕ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರುವ ವರ್ಷದ ಪಟ್ಟಿ ಹಾಕಲು ಕುಳಿತಾಗ ಹೆಚ್ಚಿನವರು ಹೇಳಿದ್ದು ಒಂದೇ ಮಾತು: ಬೆಂಗಳೂರಿನಲ್ಲಿ ಮಾಡುವಂತೆ ನಾವೂ ಮೂರು ದಿನದ ದೊಡ್ಡ ಉತ್ಸವ ಮಾಡೋಣ, ಹೊರಗಿನ ತರಬೇತುದಾರರನ್ನು ಕರೆಸೋಣ, ಊರ ತುಂಬ ಫ್ಲೆಕ್ಸ್ ಕಟ್ಟಿಸೋಣ. (ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾಗಿದ್ದು 2016ರಲ್ಲಿ, ಬಳ್ಳಾರಿಯ ಯಾವ ವೃತ್ತದಲ್ಲಿ ನಿಂತು ನೋಡಿದರೂ ಅದು ಯಾರಿಗೂ ನೆನಪಿದ್ದಂತಿಲ್ಲ.) ನನ್ನ ಅಭಿಪ್ರಾಯ ಬೇರೆ. ನಮ್ಮಂಥ ಊರಿನಲ್ಲಿ ಮೊದಲು ನೆಲೆಗೊಳ್ಳಬೇಕಾದದ್ದು ತಿಂಗಳಿಗೊಂದು ಸಣ್ಣ ಸಂಜೆ. ಉತ್ಸವ ಆ ಸಂಜೆಗಳಿಂದ ಬೆಳೆದು ಬರಬೇಕು. ಇಡೀ ವರ್ಷದ ಲೆಕ್ಕಾಚಾರವನ್ನು ನಮ್ಮ ಪಂಚಾಂಗ, ನಮ್ಮ ಬಿಸಿಲು, ನಮ್ಮ ಮದುವೆ ಮುಹೂರ್ತಗಳನ್ನು ನೋಡಿಯೇ ಹಾಕಬೇಕು. ಇದರಲ್ಲಿ ಮಹಾನಗರ ಪಾಲಿಕೆ, ಸಮುದಾಯ ಭವನಗಳು ಮತ್ತು ಕಲ್ಯಾಣ ಮಂಟಪಗಳ ಮಾಲೀಕರು ಮಾಡಬಹುದಾದ ಒಂದು ಕೆಲಸವೂ ಇರುವುದರಿಂದ ನಿಮ್ಮ ಪತ್ರಿಕೆಯ ಮೂಲಕ ಸಾರ್ವಜನಿಕರ ಗಮನಕ್ಕೆ ತರುತ್ತಿದ್ದೇನೆ.

ಈ ನೃತ್ಯಗಳ ಪರಿಚಯವಿಲ್ಲದ ಓದುಗರಿಗಾಗಿ ಒಂದು ವಿಷಯ ಸ್ಪಷ್ಟಪಡಿಸಬೇಕು. ಲ್ಯಾಟಿನ್ ನೃತ್ಯದವರು ‘ಸೋಷಿಯಲ್’ ಎಂದು ಕರೆಯುವ ಕೂಟಕ್ಕೆ ವೇದಿಕೆ ಇರುವುದಿಲ್ಲ, ಪ್ರೇಕ್ಷಕರೂ ಇರುವುದಿಲ್ಲ. ಒಂದು ಖಾಲಿ ನೆಲ, ಎರಡು ಸ್ಪೀಕರು, ಹಾಡು ಹಾಕುವ ಒಬ್ಬ ಡಿಜೆ ಇದ್ದರೆ ಸಾಕು. ನಾಲ್ಕೈದು ನಿಮಿಷದ ಹಾಡು ಮುಗಿದೊಡನೆ ಜೊತೆಗಾರರು ಪರಸ್ಪರ ಧನ್ಯವಾದ ಹೇಳಿ ಬೇರೆಯಾಗುತ್ತಾರೆ, ಮುಂದಿನ ಹಾಡಿಗೆ ಇನ್ನೊಬ್ಬರನ್ನು ಕೇಳುತ್ತಾರೆ. ಸಾಲ್ಸಾ ಎಂಟು ಎಣಿಕೆಯ ಕುಣಿತ: ಒಂದು, ಎರಡು, ಮೂರಕ್ಕೆ ಹೆಜ್ಜೆ, ನಾಲ್ಕಕ್ಕೆ ಬಿಡುವು, ಐದು, ಆರು, ಏಳಕ್ಕೆ ಹೆಜ್ಜೆ, ಎಂಟಕ್ಕೆ ಬಿಡುವು. ಬಚಾಟಾದಲ್ಲಿ ಮೂರು ಹೆಜ್ಜೆ ಪಕ್ಕಕ್ಕೆ ಸರಿದು ನಾಲ್ಕನೆಯದಕ್ಕೆ ಕಾಲ ತುದಿಯನ್ನು ನೆಲಕ್ಕೆ ತಟ್ಟಬೇಕು. ಮೆರೆಂಗೆಗೆ ನಡೆಯಲು ಬಂದರೆ ಸಾಕು. ಹೆಜ್ಜೆಗಳನ್ನು ತರಗತಿಯಲ್ಲಿ ಕಲಿಯಬಹುದು. ಆದರೆ ತರಗತಿಯಲ್ಲಿ ಮುಂದೆ ಏನು ಬರುತ್ತದೆಂದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ. ಇದುವರೆಗೆ ಒಮ್ಮೆಯೂ ಜೊತೆಯಾಗದ ಒಬ್ಬರ ಅಂಗೈಯ ಒತ್ತು, ಭುಜದ ಸಣ್ಣ ತಿರುವು ಇವಿಷ್ಟರಿಂದಲೇ ಮುಂದಿನ ಹೆಜ್ಜೆಯನ್ನು ಅರಿಯುವುದು, ತಪ್ಪಿದರೆ ನಕ್ಕು ಮತ್ತೆ ತಾಳ ಹಿಡಿಯುವುದು ಸೋಷಿಯಲ್‌ಗಳಲ್ಲಿ ಮಾತ್ರ ರೂಢಿಯಾಗುತ್ತದೆ. ಒಂದು ಊರಿನಲ್ಲಿ ಈ ನೃತ್ಯ ಉಳಿದಿದೆಯೇ ಇಲ್ಲವೇ ಎಂಬುದನ್ನು ಅಲ್ಲಿ ಎಷ್ಟು ತರಗತಿಗಳಿವೆ ಎಂಬುದರಿಂದ ಅಳೆಯಲಾಗದು. ತಿಂಗಳಿಗೊಮ್ಮೆಯಾದರೂ ಸೋಷಿಯಲ್ ನಡೆಯುತ್ತದೆಯೇ ಎಂದು ಕೇಳಬೇಕು.

ಮಹಾನಗರಗಳ ಉತ್ಸವದ ಮಾದರಿ ನಮಗೆ ಯಾಕೆ ಹೊಂದುವುದಿಲ್ಲ ಎಂಬುದಕ್ಕೂ ಇದೇ ಕಾರಣ. ಆ ಮಾದರಿ ಜಗತ್ತಿನಾದ್ಯಂತ ಹೆಚ್ಚುಕಡಿಮೆ ಒಂದೇ ಬಗೆಯದು: ಹಗಲು ಕಾರ್ಯಾಗಾರಗಳು, ಸಂಜೆ ವೇದಿಕೆಯ ಪ್ರದರ್ಶನ, ರಾತ್ರಿ ಬಹಳ ಹೊತ್ತಿನವರೆಗೆ ಸೋಷಿಯಲ್, ಇವೆಲ್ಲಕ್ಕೂ ಸೇರಿ ಒಂದು ಪಾಸು. ವಾರಕ್ಕೆ ಹಲವು ಕಡೆ ಸೋಷಿಯಲ್ ನಡೆಯುವ ನಗರದಲ್ಲಿ ಇಂಥ ಉತ್ಸವ ವರ್ಷದ ಅಭ್ಯಾಸಕ್ಕೆ ಕಳಶವಿಟ್ಟಂತೆ. ಅಡಿಪಾಯವೇ ಇಲ್ಲದ ಊರಿನಲ್ಲಿ ಇದನ್ನು ನಡೆಸಿದರೆ ಹೊರಗಿನಿಂದ ಬಂದವರು ಕುಣಿಯುತ್ತಾರೆ, ಊರಿನವರು ಕುರ್ಚಿಯಲ್ಲಿ ಕುಳಿತು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾರೆ, ಸೋಮವಾರ ಎಲ್ಲರೂ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಉಳಿದ ಹನ್ನೊಂದು ತಿಂಗಳು ಏನೂ ಇರುವುದಿಲ್ಲ, ಸಂಘಟಕರ ಸಾಲ ಒಂದನ್ನು ಬಿಟ್ಟರೆ. ಟಿವಿ ಸ್ಪರ್ಧೆಗಳನ್ನು ನೋಡಿ ಲ್ಯಾಟಿನ್ ನೃತ್ಯವೆಂದರೆ ಜೊತೆಗಾರ್ತಿಯನ್ನು ತಲೆಯ ಮೇಲೆತ್ತಿ ತಿರುಗಿಸುವುದು ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು. ಮೊದಲ ಹೆಜ್ಜೆಯಾಗಿ ಅಂಥ ಪ್ರದರ್ಶನವನ್ನೇ ತೋರಿಸಿದರೆ ನಲವತ್ತು ದಾಟಿದ ಒಬ್ಬ ಗುಮಾಸ್ತರಾಗಲಿ, ಶಿಕ್ಷಕಿಯಾಗಲಿ ಇದು ತಮಗೂ ಒಗ್ಗುವ ಕುಣಿತ ಎಂದು ಎಂದಿಗೂ ಭಾವಿಸುವುದಿಲ್ಲ. ಸ್ಪರ್ಧೆ ಕೂಡ ಸದ್ಯಕ್ಕೆ ಬೇಡ ಎಂಬುದು ನನ್ನ ನಿಲುವು. ಬ್ಯಾನರಿನ ಮೇಲೆ ‘ಅಂತರರಾಷ್ಟ್ರೀಯ’ ಎಂಬ ವಿಶೇಷಣವಂತೂ ಬೇಡವೇ ಬೇಡ.

ಇನ್ನು ದಿನಾಂಕಗಳ ವಿಚಾರ. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಊರಿನಲ್ಲಿ ಸಂಜೆ ಏಳಾದರೂ ಗೋಡೆಗಳು ಕಾವು ಉಗುಳುತ್ತಿರುತ್ತವೆ. ಹವಾನಿಯಂತ್ರಣವಿಲ್ಲದ ಸಭಾಂಗಣದಲ್ಲಿ ಐವತ್ತು ಜನ ಒಂದು ಗಂಟೆ ಕುಣಿದರೆ ಯಾರಾದರೂ ತಲೆಸುತ್ತಿ ಬೀಳುವುದು ಖಚಿತ. ಮಾರ್ಚ್ ತಿಂಗಳು ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗಳ ಕಾಲ, ಧ್ವನಿವರ್ಧಕದ ಮಾತೆತ್ತುವುದೇ ತಪ್ಪು. ಶ್ರಾವಣ ಕಳೆದು ಗಣೇಶ ಚತುರ್ಥಿ ಬಂತೆಂದರೆ ಊರಿನ ಸೌಂಡ್ ಸಿಸ್ಟಂನವರೆಲ್ಲ ಗಣೇಶ ಮಂಡಳಿಗಳ ಪಾಲಾಗುತ್ತಾರೆ, ಬಾಡಿಗೆ ದುಪ್ಪಟ್ಟಾಗುತ್ತದೆ. ನವೆಂಬರಿನಲ್ಲಿ ರಾಜ್ಯೋತ್ಸವ ತಿಂಗಳ ತುದಿಯವರೆಗೂ ನಡೆಯುವುದರಿಂದ ರಂಗಮಂದಿರಗಳ ಹೆಸರೆತ್ತುವಂತಿಲ್ಲ. ಮದುವೆ ಮುಹೂರ್ತ ಇರುವ ತಿಂಗಳುಗಳಲ್ಲಿ ಕಲ್ಯಾಣ ಮಂಟಪಗಳು ಸಿಗುವುದಿಲ್ಲ, ಸಿಕ್ಕರೂ ಅವುಗಳ ಬಾಡಿಗೆ ನಮ್ಮ ಅಳವಿಗೆ ಮೀರಿದ್ದು. ಹೀಗೆ ಒಂದೊಂದನ್ನೇ ತೆಗೆಯುತ್ತ ಹೋದರೆ ಕೊನೆಗೆ ಉಳಿಯುವುದೇನು ಎಂದು ನೋಡಿದಾಗ, ಮದುವೆಯವರು ಯಾರೂ ಮುಟ್ಟದ ಎರಡು ಅವಧಿಗಳು ಕಾಣುತ್ತವೆ: ಒಂದು ಆಷಾಢ, ಇನ್ನೊಂದು ಡಿಸೆಂಬರ್ 16ರ ಸುಮಾರಿಗೆ ಶುರುವಾಗಿ ಸಂಕ್ರಾಂತಿಗೆ ಮುಗಿಯುವ ಧನುರ್ಮಾಸ. ಶುಭಕಾರ್ಯಗಳಿಗೆ ಶೂನ್ಯವಾದ ಈ ಮಾಸಗಳಲ್ಲಿ ಮಂಟಪಗಳಿಗೆ ಬೀಗ, ಅಡುಗೆಯವರಿಗೆ ಬಿಡುವು, ಶಾಮಿಯಾನದವರಿಗೆ ನಷ್ಟ. ನಮ್ಮ ವರ್ಷದ ಎರಡು ಕಂಬಗಳನ್ನು ಇಲ್ಲಿಯೇ ನೆಡಬೇಕು ಎಂದು ಗುಂಪಿನಲ್ಲಿ ವಾದಿಸುತ್ತ ಬಂದಿದ್ದೇನೆ.

ಆಷಾಢವನ್ನು ಹೊಸಬರಿಗೆ ಕಲಿಸಲು ಬಳಸಬೇಕು. ಮಳೆ ಬಂದು ಹವೆ ತುಸು ತಣ್ಣಗಾಗಿರುತ್ತದೆ, ಕಾಲೇಜುಗಳು ಪುನಃ ಆರಂಭವಾಗಿರುತ್ತವೆ, ಮಂಟಪದ ಮಾಲೀಕರು ಚೌಕಾಶಿಗೆ ಒಪ್ಪುತ್ತಾರೆ. ನಾಲ್ಕು ಭಾನುವಾರಗಳ ಆರಂಭಿಕ ಶಿಬಿರ, ಪ್ರತಿ ಶಿಬಿರದ ಕೊನೆಗೆ ಒಂದು ಗಂಟೆಯ ಸೋಷಿಯಲ್. ಆಷಾಢಕ್ಕೆ ತವರಿಗೆ ಬಂದ ಹೊಸ ಮದುಮಗಳು ಬೇಸರ ಕಳೆಯಲು ತಂಗಿಯೊಂದಿಗೆ ಬಂದರೆ ಆಕೆಗೂ ಸ್ವಾಗತ, ಅಳಿಯಂದಿರು ಆಕ್ಷೇಪಿಸಲಾರರು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮೊಹರಂ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ ಬಂದು ಈಗ ಜೂನ್, ಜುಲೈ ಆಸುಪಾಸಿನಲ್ಲಿದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಈ ನಮ್ಮ ಮೂರೂ ಜಿಲ್ಲೆಗಳ ಹಳ್ಳಿಗಳಲ್ಲಿ ಜಾತಿ ಧರ್ಮ ನೋಡದೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ದಿನಗಳವು. ಆ ಹತ್ತು ದಿನ ನಮ್ಮ ಕಾರ್ಯಕ್ರಮ ಇರಕೂಡದು. ಇದು ಬರೀ ಗೌರವದ ಪ್ರಶ್ನೆಯಲ್ಲ, ನಮ್ಮ ಗುಂಪಿನ ಅರ್ಧ ಹುಡುಗರು ಅಂದು ತಮ್ಮೂರಿನ ಹೆಜ್ಜೆ ಮೇಳದಲ್ಲಿರುತ್ತಾರೆ. ಕುತೂಹಲಕ್ಕೆ ಹೇಳುವುದಾದರೆ, ಹವಾನಾದಲ್ಲಿ 1950ರ ದಶಕದಲ್ಲಿ ರೂಪುಗೊಂಡ ‘ರುಯೆದಾ’ ಎಂಬ ಸಾಲ್ಸಾ ಬಗೆಯಲ್ಲಿ ಜೋಡಿಗಳು ವೃತ್ತವಾಗಿ ನಿಂತು, ಅವರಲ್ಲೊಬ್ಬ ಕೂಗಿ ಹೇಳಿದ ಹೆಜ್ಜೆಯನ್ನು ಎಲ್ಲರೂ ಏಕಕಾಲಕ್ಕೆ ಹಾಕುತ್ತ ಜೊತೆಗಾರರನ್ನು ಬದಲಿಸುತ್ತ ಹೋಗುತ್ತಾರೆ. ನಮ್ಮಲ್ಲಿ ಹೆಜ್ಜೆ ಮೇಳ, ಕೋಲಾಟಗಳಲ್ಲಿ ಪಳಗಿದವರು ರುಯೆದಾವನ್ನು ನಗರದ ಹುಡುಗರಿಗಿಂತ ಬೇಗ ಹಿಡಿದದ್ದನ್ನು ಕಣ್ಣಾರೆ ನೋಡಿದ್ದೇನೆ. ವೃತ್ತದಲ್ಲಿ ಪಕ್ಕದವರ ಕಾಲು ನೋಡದೆ ತಾಳ ಕೇಳುವ ಅಭ್ಯಾಸ ಅವರಿಗೆ ಮೊದಲೇ ಇರುತ್ತದೆ.

ಧನುರ್ಮಾಸದಲ್ಲಿ ಉತ್ಸವ. ವರ್ಷದಲ್ಲಿ ಬಳ್ಳಾರಿ ಮನುಷ್ಯರಿಗೆ ಹಿತವೆನಿಸುವುದು ಆ ನಾಲ್ಕು ವಾರಗಳಲ್ಲಿ ಮಾತ್ರ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದ ತರಬೇತುದಾರರು ಬೆಳಿಗ್ಗೆ ಇಲ್ಲಿರುತ್ತಾರೆ, ಮರುದಿನ ರಾತ್ರಿಯೇ ಮರಳಬಹುದು. ಶನಿವಾರ ಮಧ್ಯಾಹ್ನ ಎರಡು ಕಾರ್ಯಾಗಾರ, ಸಂಜೆ ಸೋಷಿಯಲ್. ಭಾನುವಾರ ಬೆಳಿಗ್ಗೆ ಮತ್ತೆ ಎರಡು ಕಾರ್ಯಾಗಾರ, ಮಧ್ಯಾಹ್ನ ಊಟ, ಇಳಿಹೊತ್ತಿನಲ್ಲಿ ಕೊನೆಯ ಸೋಷಿಯಲ್, ಇಷ್ಟೇ ಸಾಕು. ಸಾಲ್ಸಾಕ್ಕೆ ಹೆಸರಾದ ಕೊಲಂಬಿಯಾದ ಕಾಲಿ ನಗರದ ಪ್ರಸಿದ್ಧ ಜಾತ್ರೆ ಕೂಡ ಡಿಸೆಂಬರ್ 25ರಿಂದ 30ರವರೆಗೆ ನಡೆಯುತ್ತದೆ, ಅಂದರೆ ನಮ್ಮ ಧನುರ್ಮಾಸದಲ್ಲಿಯೇ. ಆದರೆ ಇಲ್ಲಿಯೂ ನಮ್ಮ ಜಾತ್ರೆಯನ್ನು ನೋಡಿಕೊಂಡೇ ದಿನ ಹಿಡಿಯಬೇಕು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ರಥೋತ್ಸವ ಪುಷ್ಯ ಬಹುಳ ಬಿದಿಗೆಗೆ ನಿಗದಿ. 2024ರಲ್ಲಿ ಅದು ಜನವರಿ 27ಕ್ಕೆ ಬಿದ್ದರೆ 2025ರಲ್ಲಿ ಜನವರಿ 15ಕ್ಕೆ ಬಂತು. ಕೊಪ್ಪಳ, ಗಂಗಾವತಿ ಕಡೆಯ ಒಬ್ಬರೂ ಆ ವಾರ ಇತ್ತ ಬರುವುದಿಲ್ಲ, ಬರಬಾರದು ಕೂಡ. ಆದರೆ ಜಾತ್ರೆಯ ದಿನವನ್ನು ಪಂಚಾಂಗ ತೆರೆದು ಹತ್ತು ವರ್ಷ ಮೊದಲೇ ತಿಳಿಯಬಹುದು. ಸರ್ಕಾರಿ ಉತ್ಸವಗಳ ಕಥೆ ಹಾಗಲ್ಲ. ಹಿಂದೆ ನವೆಂಬರ್ ಮೊದಲ ವಾರದಲ್ಲಿ ನಡೆಯುತ್ತಿದ್ದ ಹಂಪಿ ಉತ್ಸವ 2023ರಲ್ಲಿ ಜನವರಿ ಕೊನೆಗೆ, 2024ರಲ್ಲಿ ಫೆಬ್ರುವರಿ ಮೊದಲ ವಾರಕ್ಕೆ, 2025ರಲ್ಲಿ ಫೆಬ್ರುವರಿ ಕೊನೆಗೆ ನಡೆಯಿತು. ಬರಗಾಲ, ಚುನಾವಣೆ, ಅಧಿವೇಶನ ಹೀಗೆ ಪ್ರತಿಸಲ ಏನಾದರೊಂದು ಕಾರಣ ಇರಬಹುದು, ನಾನು ಅದನ್ನು ಪ್ರಶ್ನಿಸುತ್ತಿಲ್ಲ. ಆದರೆ ಧ್ವನಿ, ಬೆಳಕು, ಲಾಡ್ಜು, ಪೊಲೀಸ್ ಬಂದೋಬಸ್ತು ಎಲ್ಲವೂ ಆ ವಾರ ಹೊಸಪೇಟೆಯ ಕಡೆ ಹೋಗುವುದರಿಂದ, ಸರ್ಕಾರಿ ಉತ್ಸವಗಳ ದಿನಾಂಕ ಆರು ತಿಂಗಳು ಮೊದಲು ಪ್ರಕಟವಾದರೆ ನಮ್ಮಂಥ ಸಣ್ಣವರೂ ಬದುಕಿಕೊಳ್ಳುತ್ತಾರೆ.

ಇವೆರಡರ ನಡುವಿನ ತಿಂಗಳುಗಳಲ್ಲಿ ಸೋಷಿಯಲ್ ಒಂದೇ, ಅದೂ ತಿಂಗಳ ಎರಡನೇ ಭಾನುವಾರ, ಸಂಜೆ ಐದೂವರೆಯಿಂದ ಒಂಬತ್ತರವರೆಗೆ. ಎರಡನೇ ಭಾನುವಾರ ಯಾಕೆಂದರೆ ಅಷ್ಟು ಹೊತ್ತಿಗೆ ಸಂಬಳ ಕೈಸೇರಿ ಬಾಡಿಗೆ, ಕಂತು ಕಟ್ಟಿ ಮುಗಿದಿರುತ್ತದೆ. ಭಾನುವಾರವೇ ಯಾಕೆಂದರೆ ಜೀನ್ಸ್ ಘಟಕಗಳಿಗೂ ಅಂಗಡಿಗಳಿಗೂ ಶನಿವಾರ ರಜೆಯಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸೋಷಿಯಲ್ ನಿಲ್ಲಿಸಿ ಬೆಳಿಗ್ಗೆ ಆರೂವರೆಗೆ ಯಾರದಾದರೂ ಮನೆಯ ಮಾಳಿಗೆಯ ಮೇಲೆ ಒಂದು ಗಂಟೆ ಅಭ್ಯಾಸ, ಆಮೇಲೆ ಮಜ್ಜಿಗೆ. ಮಾರ್ಚಿನಲ್ಲಿ ಅದೂ ಬೇಡ.

ಸ್ಥಳದ ಪ್ರಶ್ನೆ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಕಠಿಣವಾದದ್ದು. ನೃತ್ಯ ಎಂದೊಡನೆ ಅಧಿಕಾರಿಗಳು ರಂಗಮಂದಿರದ ಕಡೆ ಬೊಟ್ಟು ಮಾಡುತ್ತಾರೆ. ಬಳ್ಳಾರಿಯ ಜೋಳದರಾಶಿ ದೊಡ್ಡನಗೌಡ ರಂಗಮಂದಿರವಾಗಲಿ, ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರವಾಗಲಿ ನಾಟಕ, ಸಂಗೀತಕ್ಕಾಗಿ ಕಟ್ಟಿದವು. ಸಭಾಂಗಣದ ತುಂಬ ಆಸನಗಳಿರುವ ಅಲ್ಲಿ ಎಲ್ಲರೂ ಒಟ್ಟಿಗೆ ಕುಣಿಯಲು ಜಾಗ ಸಾಲದು. ನಮಗೆ ಬೇಕಾದದ್ದು ಕುರ್ಚಿ ಸರಿಸಿದರೆ ಬಯಲಾಗುವ, ಮಟ್ಟಸವಾದ, ಒಣಗಿದ ನೆಲ. ಆ ದೃಷ್ಟಿಯಿಂದ ವಾರ್ಡುಗಳ ಸಮುದಾಯ ಭವನಗಳು ಮತ್ತು ಮಧ್ಯಮ ಗಾತ್ರದ ಕಲ್ಯಾಣ ಮಂಟಪಗಳೇ ಸೂಕ್ತ.

ನೆಲದ ಬಗ್ಗೆ ಎರಡು ಮಾತು ಹೆಚ್ಚು ಬರೆದರೆ ಓದುಗರು ಕ್ಷಮಿಸಬೇಕು, ಏಕೆಂದರೆ ಮೊಣಕಾಲುಗಳ ಭವಿಷ್ಯ ಅದರ ಮೇಲೆ ನಿಂತಿದೆ. ನಮ್ಮ ಭಾಗದ ಮಂಟಪಗಳಲ್ಲಿ ನೆಲಕ್ಕೆ ಹಾಕುವುದು ಸಾಮಾನ್ಯವಾಗಿ ನುಣುಪು ಮಾಡಿದ ಗ್ರಾನೈಟ್. ಒಣಗಿದ್ದಾಗ ಅದರ ಮೇಲೆ ಸಾಲ್ಸಾ ತಿರುವುಗಳು ಸಲೀಸು. ಆದರೆ ಕುಡಿಯುವ ನೀರಿನ ಡ್ರಮ್ಮಿನ ಹತ್ತಿರ ಅರ್ಧ ಲೋಟ ನೀರು ಚೆಲ್ಲಿದರೂ ಅದು ಬಿಳಿ ದೀಪದ ಕೆಳಗೆ ಕಣ್ಣಿಗೆ ಬೀಳುವುದಿಲ್ಲ, ಹಿಮ್ಮಡಿ ಮಾತ್ರ ಜಾರುತ್ತದೆ. ಇದಕ್ಕೆ ವಿರುದ್ಧವಾಗಿ ಒರಟು ಸಿಮೆಂಟಿನ ನೆಲದ ಮೇಲೆ ರಬ್ಬರ್ ಅಟ್ಟೆಯ ಬೂಟು ಹಾಕಿ ತಿರುಗಿದರೆ ಪಾದ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ದೇಹ ತಿರುಗುತ್ತದೆ, ಎರಡರ ನಡುವೆ ಸಿಕ್ಕ ಮೊಣಕಾಲು ತಿರುಚುತ್ತದೆ. ನೃತ್ಯದ ಬೂಟುಗಳಿಗೆ ಒರಟು ಮೆದುಚರ್ಮದ ಅಟ್ಟೆ ಇರುವುದು ಇದಕ್ಕಾಗಿಯೇ. ಅವು ದುಬಾರಿ. ಹಳೆಯ ಚರ್ಮದ ಬೂಟಿಗೆ ಅಂಥದೇ ಅಟ್ಟೆಯನ್ನು ನಮ್ಮೂರ ಚಮ್ಮಾರರೇ ಅಂಟಿಸಿ ಹೊಲಿದು ಕೊಡುತ್ತಾರೆ, ಅದು ಚೆನ್ನಾಗಿಯೇ ಬಾಳಿಕೆ ಬರುತ್ತದೆ. ಸೋಷಿಯಲ್‌ಗೆ ಮುನ್ನ ನೆಲವನ್ನು ಹಸಿ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಬೇಕು, ನೀರಿನ ಡ್ರಮ್ಮನ್ನು ಬಾಗಿಲಾಚೆ ಇಡಬೇಕು. ಕೆಲವರು ಜಾರಲೆಂದು ಪೌಡರು ಉದುರಿಸುತ್ತಾರೆ. ಗ್ರಾನೈಟಿನ ಮೇಲೆ ಅದು ಅಪಾಯಕಾರಿ, ಮಂಟಪದವರ ಬೈಗುಳವೂ ತಪ್ಪುವುದಿಲ್ಲ.

ಸಮುದಾಯ ಭವನಗಳ ಕಾಯ್ದಿರಿಸುವಿಕೆಯ ಬಗ್ಗೆ ನಮ್ಮ ಅನುಭವ ಹೇಳಲೇಬೇಕು. ನಗರದ ಒಂದು ಭವನಕ್ಕೆ ಹಣ ಕಟ್ಟಿ ರಸೀದಿ ಪಡೆದು, ಹಿಂದಿನ ದಿನ ಬೀಗದ ಕೈ ಕೇಳಲು ಹೋದಾಗ ಅಲ್ಲಿನ ರಿಜಿಸ್ಟರಿನಲ್ಲಿ ನಮ್ಮ ಗುಂಪಿನ ಹೆಸರಿನ ಮೇಲೆ ಒಂದು ಪೆನ್ಸಿಲ್ ಗೆರೆ ಎಳೆದಿತ್ತು, ಅದರ ಪಕ್ಕದಲ್ಲಿ ಬೇರೊಬ್ಬರ ಸೀಮಂತ ಕಾರ್ಯಕ್ರಮ ಬರೆದಿತ್ತು. ಸೀಮಂತಕ್ಕೆ ಅಡ್ಡಿಪಡಿಸುವಷ್ಟು ಕಠಿಣ ಮನಸ್ಸು ನಮಗಿಲ್ಲ. ಆದರೆ ಅದರ ಮಾಹಿತಿ ನಮಗೆ ವಾರದ ಮೊದಲೇ ತಿಳಿಸಬಹುದಿತ್ತು. ಕೊಪ್ಪಳದಿಂದ ರೈಲು ಹತ್ತಿದವರಿಗೆ ದಾರಿಯಲ್ಲಿ ಫೋನ್ ಮಾಡಿ ಹೊಸಪೇಟೆಯಲ್ಲೇ ಇಳಿಯಲು ಹೇಳಬೇಕಾಯಿತು. ಠೇವಣಿ ಹಣ ಮರಳಲು ತೆಗೆದುಕೊಂಡ ಕಾಲದ ಬಗ್ಗೆ ಬರೆದರೆ ಅದೇ ಇನ್ನೊಂದು ಪತ್ರವಾಗುತ್ತದೆ.

ಕಾನೂನಿನ ವಿಚಾರದಲ್ಲಿ ಸಂಘಟಕರು ತಿಳಿದಿರಬೇಕಾದದ್ದು ಹೆಚ್ಚೇನಿಲ್ಲ, ಆದರೆ ಇರುವಷ್ಟನ್ನು ತಿಳಿದಿರಲೇಬೇಕು. ಶಬ್ದ ಮಾಲಿನ್ಯ ನಿಯಂತ್ರಣದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ ಸಭಾಂಗಣಗಳ ಒಳಗಲ್ಲದೆ ಬೇರೆಡೆ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗಾಗಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದ್ದರೂ ಅದು ವರ್ಷಕ್ಕೆ 15 ದಿನ ಮೀರುವಂತಿಲ್ಲ. ಆ 15 ದಿನಗಳ ಮೇಲೆ ನಾವು ಕಣ್ಣು ಹಾಕುವ ಅಗತ್ಯವೇ ಇಲ್ಲ, ಒಂಬತ್ತಕ್ಕೆ ಮುಗಿಸುತ್ತೇವೆ. ಎರಡನೆಯದು ಹಾಡಿನ ಹಕ್ಕು. ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಹಾಡು ಹಾಕಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟ ನೃತ್ಯ ಸಂಜೆಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಧ್ವನಿಮುದ್ರಣದ ಹಕ್ಕುದಾರರಿಂದ ಒಂದು, ಗೀತರಚನೆ ಮತ್ತು ಸ್ವರಸಂಯೋಜನೆಯ ಹಕ್ಕುದಾರರ ಸಂಸ್ಥೆಯಿಂದ ಇನ್ನೊಂದು ಪರವಾನಗಿ ಪಡೆಯಬೇಕು. ಒಂದೊಂದು ಸಂಜೆಗೂ ಬೇರೆ ಬೇರೆ ಅರ್ಜಿ ಹಾಕಿ ಅಲೆಯುವುದಕ್ಕಿಂತ ವರ್ಷದ ಪಟ್ಟಿ ಮೊದಲೇ ಸಿದ್ಧವಾಗಿದ್ದರೆ ಒಟ್ಟಿಗೆ ಮಾತಾಡಿ ಮುಗಿಸಬಹುದು.

ಹಣದ ಲೆಕ್ಕ ಸರಳ. ಉದಾಹರಣೆಗೆ ನಲವತ್ತು ಜನ ತಲಾ 150 ರೂಪಾಯಿ ಕೊಟ್ಟರೆ 6,000 ರೂಪಾಯಿ; ಶೂನ್ಯ ಮಾಸದ ಬಾಡಿಗೆಯಲ್ಲಿ ಸಣ್ಣ ಸಭಾಂಗಣ, ಸ್ಪೀಕರು, ನೀರು, ಸ್ವಚ್ಛತೆ ಇಷ್ಟರಲ್ಲೇ ಮುಗಿಯಬೇಕು. ಮುಗಿಯದಿದ್ದರೆ ಸಭಾಂಗಣವನ್ನು ಚಿಕ್ಕದು ಮಾಡಬೇಕೇ ಹೊರತು ಪ್ರಾಯೋಜಕರನ್ನು ಹುಡುಕಿಕೊಂಡು ಹೋಗಬಾರದು. ಪ್ರಾಯೋಜಕರು ಬಂದರೆ ವೇದಿಕೆ ಬರುತ್ತದೆ, ವೇದಿಕೆ ಬಂದರೆ ಅಧ್ಯಕ್ಷರು ಬರುತ್ತಾರೆ, ಶಾಲು ಹಾರಗಳು ಮುಗಿಯುವ ಹೊತ್ತಿಗೆ ಒಂಬತ್ತು ಗಂಟೆ ಹೊಡೆದಿರುತ್ತದೆ.

ಇದು ನಮ್ಮ ಸಂಸ್ಕೃತಿಯಲ್ಲ ಎಂದು ಹೇಳುವ ಹಿರಿಯರೂ ಇದ್ದಾರೆ. ಅವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವರಿಗೆ ಕಾಲಿ ನಗರದ ಉದಾಹರಣೆ ಕೊಡಬಯಸುತ್ತೇನೆ. ಸಾಲ್ಸಾ ಹುಟ್ಟಿದ್ದು ಅಲ್ಲಲ್ಲ. ಕ್ಯೂಬಾದ ಸೋನ್, ಮಾಂಬೊ ಎಂಬ ಸಂಗೀತ ಪ್ರಕಾರಗಳನ್ನು ಬೆನ್ನಿಗೆ ಕಟ್ಟಿಕೊಂಡು ನ್ಯೂಯಾರ್ಕಿನ ಪೋರ್ಟೊರಿಕೊ ಮೂಲದವರ ಕೇರಿಗಳಲ್ಲಿ 1960 ಮತ್ತು 70ರ ದಶಕಗಳಲ್ಲಿ ಅದು ಈ ರೂಪ ಪಡೆಯಿತು. ಕಾಲಿ ದೇಶದ ರಾಜಧಾನಿಯೂ ಅಲ್ಲ, ಬಂದರೂ ಅಲ್ಲ. ಸುತ್ತ ಕಬ್ಬಿನ ಗದ್ದೆಗಳಿರುವ, ಬಿಸಿಲಿನ ಊರು. ಅಲ್ಲಿಗೆ ಈ ಸಂಗೀತ ಬುಯೆನಾವೆಂತುರಾ ಬಂದರಿನ ಮೂಲಕ ಗ್ರಾಮಫೋನ್ ತಟ್ಟೆಗಳಾಗಿ ಬಂತು. ಅಲ್ಲಿನ ಹುಡುಗರು ನಿಮಿಷಕ್ಕೆ 33 ಸುತ್ತಿನ ತಟ್ಟೆಗಳನ್ನು 45ರ ವೇಗದಲ್ಲಿ ತಿರುಗಿಸಿ, ಆ ಓಟಕ್ಕೆ ತಕ್ಕಂತೆ ಕಾಲು ಹಾಕುತ್ತ ಹಾಕುತ್ತ ತಮ್ಮದೇ ಒಂದು ಶೈಲಿ ಮಾಡಿಕೊಂಡರು ಎಂದು ಅಲ್ಲಿನವರು ಹೇಳುತ್ತಾರೆ. 1956ರ ಆಗಸ್ಟ್ 7ರಂದು ಡೈನಮೈಟ್ ತುಂಬಿದ ಸೇನಾ ಲಾರಿಗಳು ಸ್ಫೋಟಗೊಂಡು ಸಾವಿರಕ್ಕೂ ಹೆಚ್ಚು ಜನ ಸತ್ತ ಆ ಊರಿನಲ್ಲಿ, ಕುಗ್ಗಿದ ಜನರ ಮನಸ್ಸನ್ನು ಎತ್ತಲೆಂದು 1957ರಲ್ಲಿ ಶುರುವಾದ ವರ್ಷಾಂತ್ಯದ ಜಾತ್ರೆ ಇವತ್ತಿಗೂ ನಡೆಯುತ್ತಿದೆ, ಊರು ಜಗತ್ತಿನ ಸಾಲ್ಸಾ ರಾಜಧಾನಿ ಎನಿಸಿಕೊಂಡಿದೆ. ಬಚಾಟಾದ ಕಥೆಯೂ ನಮಗೆ ಹೊಸದಲ್ಲ. ಡೊಮಿನಿಕನ್ ಗಣರಾಜ್ಯದಲ್ಲಿ ಬಡವರ, ಕುಡುಕರ ಹಾಡು ಎಂದು ಮರ್ಯಾದಸ್ಥರು ದಶಕಗಳ ಕಾಲ ಮೂಗು ಮುರಿದ ಆ ಸಂಗೀತ ಮತ್ತು ಕುಣಿತ 2019ರಲ್ಲಿ ಯುನೆಸ್ಕೊದ ಪಾರಂಪರಿಕ ಪಟ್ಟಿ ಸೇರಿತು. ನಮ್ಮ ಕಂಪನಿ ನಾಟಕದ ಕಲಾವಿದೆಯರನ್ನು ಊರು ಒಂದು ಕಾಲಕ್ಕೆ ಹೇಗೆ ನೋಡುತ್ತಿತ್ತು ಎಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಡೊಳ್ಳಿನ ಜೊತೆ ಸಾಲ್ಸಾ ಬೆರೆಸಿ ‘ಸಮ್ಮಿಲನ’ ಎಂದು ತೋರಿಸುವ ಸಲಹೆಗಳನ್ನು ನಾನು ಒಪ್ಪುವುದಿಲ್ಲ. ಸಾಲ್ಸಾದ ಬೆನ್ನೆಲುಬು ಕ್ಲಾವೆ ಎಂಬ ಐದು ಪೆಟ್ಟಿನ ತಾಳ. ಒಂದು ಭಾಗದಲ್ಲಿ ಮೂರು, ಇನ್ನೊಂದರಲ್ಲಿ ಎರಡು ಪೆಟ್ಟು ಬೀಳುವ ಅದನ್ನು ಕೇಳಿಸಿಕೊಳ್ಳಲು ಬರದವರು ಅದರ ಮೇಲೆ ಡೊಳ್ಳು ಬಾರಿಸಿದರೆ ಎರಡೂ ಕೆಡುತ್ತವೆ. ಹೆಜ್ಜೆ ಮೇಳದವರನ್ನೋ ಲಂಬಾಣಿ ತಂಡವನ್ನೋ ಕರೆಯುವುದಾದರೆ ಅವರ ಕುಣಿತಕ್ಕಾಗಿಯೇ ಕರೆಯಬೇಕು, ಅವರಿಗೆ ಪೂರ್ತಿ ಸಂಭಾವನೆ ಕೊಡಬೇಕು, ನಾವು ಕೂತು ಕಲಿಯಬೇಕು.

ಹೆಣ್ಣುಮಕ್ಕಳ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಹುಡುಗರು ಇಪ್ಪತ್ತೈದು, ಹುಡುಗಿಯರು ಐದು ಎಂಬ ಸಂಜೆ ಯಾರಿಗೂ ಸಂತೋಷ ಕೊಡುವುದಿಲ್ಲ, ಆ ಐವರಿಗಂತೂ ಅದು ಶಿಕ್ಷೆ. ಆದ್ದರಿಂದ ಮೊದಲ ನಿಯಮ, ಕೇಳಿದವರಿಗೆ ‘ಬೇಡ’ ಎನ್ನಲು ಕಾರಣ ಕೊಡಬೇಕಿಲ್ಲ, ಅದೇ ಸಂಜೆ ಮತ್ತೆ ಒತ್ತಾಯಿಸಿದವರನ್ನು ಹೊರಗೆ ಕಳಿಸಬೇಕು. ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಜಾಗದಲ್ಲಿ ಒಬ್ಬ ಹಿರಿಯ ಮಹಿಳೆ ಇರಬೇಕು. ವಿಡಿಯೊ ಮಾಡುವುದು ಕೇಳಿಯೇ, ಜಾಲತಾಣಗಳಲ್ಲಿ ಹಾಕುವುದು ಇನ್ನೊಮ್ಮೆ ಕೇಳಿಯೇ. ಮಹಾನಗರಗಳಲ್ಲಿ ಸೋಷಿಯಲ್‌ಗಳು ಹೆಚ್ಚಾಗಿ ಬಾರುಗಳಲ್ಲಿ, ಪಬ್ಬುಗಳಲ್ಲಿ ನಡೆಯುತ್ತವೆ. ಇಲ್ಲಿ ಮದ್ಯ ಕೂಡದು, ಕುಡಿದು ಬಂದವರಿಗೆ ಒಳಗೆ ಪ್ರವೇಶವೂ ಕೂಡದು. ತಾಯಂದಿರು ಬಂದು ಕುರ್ಚಿ ಹಾಕಿ ಕುಳಿತು ನೋಡಲಿ, ಅವರ ಹತ್ತಿರ ಟಿಕೆಟ್ ಕೇಳುವುದಿಲ್ಲ. ಹೀಗೆ ಕುಳಿತವರಲ್ಲಿ ಇಬ್ಬರು ಮೆರೆಂಗೆಗೆ ಎದ್ದು ಬಂದದ್ದೂ ಉಂಟು. ನಾಟಕದಲ್ಲಿ ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಮಾಡಬೇಕೆಂದು ಆ ಕಾಲದಲ್ಲಿಯೇ ಒತ್ತಾಯಿಸಿದ ಬಳ್ಳಾರಿ ರಾಘವರ ಊರು ಇದು. ಇಲ್ಲಿ ಹೆಣ್ಣುಮಕ್ಕಳು ಒಂದು ಸಂಜೆ ನಿರ್ಭಯವಾಗಿ ಕುಣಿದು ಮನೆಗೆ ಹೋಗಲಾಗದು ಎಂದರೆ ತಪ್ಪು ನೃತ್ಯದ್ದಲ್ಲ, ಸಂಘಟಿಸಿದ ನಮ್ಮದು.

ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರು ಊರುಗಳು ಸೇರಿ ವರ್ಷವನ್ನು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಕೊಪ್ಪಳ, ಹೊಸಪೇಟೆ, ಬಳ್ಳಾರಿ ಒಂದೇ ರೈಲು ಮಾರ್ಗದಲ್ಲಿವೆ. ರಾಯಚೂರಿಗೆ ಮಾತ್ರ ಸಿರುಗುಪ್ಪ, ಸಿಂಧನೂರು, ಮಾನ್ವಿ ದಾಟಿ ಬಸ್ಸಿನಲ್ಲಿ ಹೋಗಬೇಕು, ರಾತ್ರಿ ಮರಳುವುದು ಕಷ್ಟ. ಆದ್ದರಿಂದ ರಾಯಚೂರಿನವರು ಹೈದರಾಬಾದಿನ ತರಬೇತುದಾರರನ್ನು ಕರೆಸಿಕೊಂಡು ತಮ್ಮದೇ ಸೋಷಿಯಲ್ ನಡೆಸುವುದು ಮೇಲು. ಅಲ್ಲಿ ಕಾರಹುಣ್ಣಿಮೆಯ ಮುಂಗಾರು ಹಬ್ಬದ ಗದ್ದಲ ಮುಗಿದ ಮೇಲೆ ಆಷಾಢದ ಶಿಬಿರ ಇಟ್ಟುಕೊಳ್ಳಬಹುದು. ಧನುರ್ಮಾಸದ ಉತ್ಸವ ಒಂದು ವರ್ಷ ಬಳ್ಳಾರಿಯಲ್ಲಿ, ಮರುವರ್ಷ ಕೊಪ್ಪಳದಲ್ಲಿ, ಅದರ ಮರುವರ್ಷ ರಾಯಚೂರಿನಲ್ಲಿ ನಡೆಯಲಿ. ಬೇರೆ ತಿಂಗಳುಗಳಲ್ಲಿ ಅವರವರ ಊರಿನ ಭಾನುವಾರ ಅವರವರದು.

ಆದ್ದರಿಂದ ಪಾಲಿಕೆ ಮತ್ತು ನಗರಸಭೆಗಳಲ್ಲಿ ನಮ್ಮ ವಿನಂತಿ ಇಷ್ಟು. ಸಮುದಾಯ ಭವನಗಳ ಖಾಲಿ ದಿನಗಳ ಪಟ್ಟಿಯನ್ನು ಕಚೇರಿಯ ಸೂಚನಾ ಫಲಕದಲ್ಲಿ ಪ್ರತಿ ತಿಂಗಳೂ ಹಾಕಬೇಕು. ಆಷಾಢ ಮತ್ತು ಧನುರ್ಮಾಸದಲ್ಲಿ ನೃತ್ಯ, ನಾಟಕ, ಯೋಗ, ಚದುರಂಗ ಯಾವುದೇ ಇರಲಿ, ವರ್ಷಕ್ಕೆ ಒಮ್ಮೆಲೇ ದಿನಗಳನ್ನು ಕಾಯ್ದಿರಿಸಲು ಅವಕಾಶ ಕೊಡಬೇಕು. ಹಣ ಕಟ್ಟಿದ ಮೇಲೆ ರದ್ದು ಮಾಡುವುದಾದರೆ ಕನಿಷ್ಠ ಏಳು ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ಕಲ್ಯಾಣ ಮಂಟಪಗಳ ಮಾಲೀಕರು ಶೂನ್ಯ ಮಾಸಕ್ಕೆ ಬೇರೆ ದರಪಟ್ಟಿ ಮಾಡಿದರೆ ಅವರಿಗೂ ನಷ್ಟವಿಲ್ಲ, ಹೇಗೂ ಆ ದಿನಗಳಲ್ಲಿ ಕಾವಲುಗಾರನ ಸಂಬಳ ಕೈಯಿಂದಲೇ ಹೋಗುತ್ತಿರುತ್ತದೆ. ಅನುದಾನ ನಾವು ಕೇಳುತ್ತಿಲ್ಲ. ಬಾಡಿಗೆ, ವಿದ್ಯುತ್ ಶುಲ್ಕ, ಠೇವಣಿ ಮೂರನ್ನೂ ಮುಂಗಡವಾಗಿ ಕಟ್ಟಲು ಸಿದ್ಧರಿದ್ದೇವೆ, ಮರುದಿನ ಬೆಳಿಗ್ಗೆ ನೆಲ ಒರೆಸಿಯೇ ಬೀಗದ ಕೈ ಒಪ್ಪಿಸುತ್ತೇವೆ. ರಸೀದಿಯನ್ನೂ ರಿಜಿಸ್ಟರಿನ ನಮೂದನ್ನೂ ಪೆನ್ನಿನಲ್ಲಿ ಬರೆದುಕೊಟ್ಟರೆ ಸಾಕು.

ತಮ್ಮ ವಿಶ್ವಾಸಿ,
ಒಬ್ಬ ನೃತ್ಯಾಭ್ಯಾಸಿ
ಬಳ್ಳಾರಿ